ಹೊಳೆವ್ವನ ಭ್ರೂಣ ಹೊತ್ತು ಮುಧೋಳದಿಂದ ಬೀಳಗಿಗೆ

ಬನಹಟ್ಟಿಯಿಂದ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಹೆಣ್ಣುಮಕ್ಕಳಿಗೆ ಪುಕ್ಕಟೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಡಿಸೆಂಬರಿನ ಚಳಿ. ಕಬ್ಬಿನ ಹಂಗಾಮು ಬೇರೆ, ರಸ್ತೆ ತುಂಬ ಟ್ರ್ಯಾಕ್ಟರು. ಜಮಖಂಡಿ ನಿಲ್ದಾಣದ ಹೊರಗೆ ಹುನ್ನೂರಿನ ಮಲ್ಲಪ್ಪಕಾಕಾ, ನನ್ನ ಅಪ್ಪನ ತಮ್ಮ, ಬಾಡಿಗೆ ಕಾರಿಗೆ ಒರಗಿ ಕಾಯುತ್ತಿದ್ದರು. ಹೆಗಲ ಮೇಲೆ ಹೊಸ ಕಂಬಳಿ. ಡ್ರೈವರ್ ರಮಜಾನ್ ಆಗಲೇ ಎರಡನೇ ಚಹಾದಲ್ಲಿದ್ದ.

ಕಾಕಾ ಈ ದಿನಕ್ಕಾಗಿ ವರ್ಷದಿಂದ ಕಾದಿದ್ದರು. ಅವರ ಆಕಳು ಹೊಳೆವ್ವ ಕೃಷ್ಣಾ ಕಣಿವೆ ತಳಿಯದು. ಆ ತಳಿ ಈಗ ನಮ್ಮ ಸೀಮೆಯಲ್ಲೇ ಅಪರೂಪ. ಹೆಣ್ಣುಕರು ಒಂದೂ ಉಳಿಯದೆ ಹೊಳೆವ್ವ ಹೋದ ಮಳೆಗಾಲದಲ್ಲಿ ಸತ್ತಿತು. ಅದು ಬದುಕಿದ್ದಾಗ ಮುಧೋಳದ ಪಶುವೈದ್ಯರೊಬ್ಬರು ಇಂಜೆಕ್ಷನ್ ಕೊಟ್ಟು, ಒಂದೇ ಸಲಕ್ಕೆ ಹಲವು ಅಂಡ ಬಿಡಿಸಿ, ಒಳ್ಳೆಯ ಹೋರಿಯ ವೀರ್ಯ ಕೊಟ್ಟು, ಏಳನೇ ದಿನ ಗರ್ಭಕೋಶ ತೊಳೆದು ಭ್ರೂಣಗಳನ್ನು ಹೊರತೆಗೆದಿದ್ದರು. ಸಿಕ್ಕವು ಎರಡೇ. ಕಡ್ಡಿಯಷ್ಟು ಸಣ್ಣ ಎರಡು ನಳಿಗೆಗಳಲ್ಲಿ ಹೆಪ್ಪುಗಟ್ಟಿ ಕೂತಿದ್ದವು. ಬೇರೆ ಆಕಳ ಗರ್ಭದಲ್ಲಿಟ್ಟರೂ ಹುಟ್ಟುವುದು ಹೊಳೆವ್ವನ ಕರುವೇ. ಬೀಳಗಿ ಹತ್ತಿರದ ಹಳ್ಳಿಯಲ್ಲಿ ಕಾಕಾನ ಮಗಳು ಕಸ್ತೂರಿಯ ಮನೆಯ ಆಕಳು ಬೆದೆಗೆ ಬಂದು ಅಂದಿಗೆ ಸರಿಯಾಗಿ ಏಳು ದಿನ. ಭ್ರೂಣದ ವಯಸ್ಸಿಗೂ ಗರ್ಭಕೋಶದ ದಿನಕ್ಕೂ ತಾಳೆಯಾಗಬೇಕು.

ಮುಧೋಳಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಮುಕ್ಕಾಲು ತಾಸು ಹಿಡಿಯಿತು. ಡಾಕ್ಟರು ಆ ನಳಿಗೆಗಳಿದ್ದ ಮೊಣಕಾಲೆತ್ತರದ ಕ್ಯಾನನ್ನು ಕಾಕಾನ ಕೈಗಿಟ್ಟರು. ಅವರಿಗೆ ದಾರಿಯಲ್ಲಿ ಇನ್ನೆರಡು ದನ ನೋಡುವುದಿತ್ತು, ಬೈಕ್ ಹತ್ತುತ್ತಲೇ ಹೇಳಿದರು: "ಕ್ಯಾನ್ ನೆಟ್ಟಗಿರ್ಲಿ. ಮುಚ್ಚಳ ಬಿಗೀಬ್ಯಾಡ್ರಿ. ಕಿಡಕಿ ತೆಗೆದಿಡ್ರಿ."

ಊರು ದಾಟುವ ಮೊದಲೇ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಕಾ ಕ್ಯಾನಿಗೆ ಕಂಬಳಿ ಹೊದಿಸಿ ಕಾಲುಗಳ ನಡುವೆ ಇಟ್ಟುಕೊಂಡರು. ತಮ್ಮ ಕಡೆಯ ಗಾಜು ಏರಿಸಿದರು.

"ಡಾಕ್ಟರ್ ತೆಗೀರಿ ಅಂದಾರ ಕಾಕಾ," ಎಂದೆ.

"ಬಸರಿ ಹೆಣಮಗಳನ್ನ ಕರಕೊಂಡು ಹೊಂಟಂಗ ಐತಿದು. ಗಾಳಿ ತಾಕಬಾರ್ದು."

ರಮಜಾನ್ ನಕ್ಕ. "ಹಂಗಾರ ಕುಬಸಾನೂ ಮಾಡಿಬಿಡ್ರಿ ಕಾಕಾ."

"ಮಾಡತೇನಿ ಲೇ. ನಿನಗೂ ಹೋಳಿಗಿ ಹಾಕತೇನಿ. ಮುಂದ ನೋಡಿ ಹೊಡಿ."

ನಾನು ರಸಾಯನಶಾಸ್ತ್ರ ತಗೊಂಡು ಬಿ.ಎಸ್‌ಸಿ. ಮುಗಿಸಿದವಳು. ಕ್ಯಾನಿನಲ್ಲಿರುವುದು ದ್ರವ ಸಾರಜನಕ, ಒಂದು ಲೀಟರ್ ಚೆಲ್ಲಿದರೆ ಏಳುನೂರು ಲೀಟರಿನಷ್ಟು ಅನಿಲವಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದವಳು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಧೂಳೆಬ್ಬಿಸಿದಾಗ ನನ್ನ ಗಾಜನ್ನೂ ಏರಿಸಿದೆ. ರಮಜಾನನೂ ಏರಿಸಿದ.

ಮುಧೋಳ ಬಿಟ್ಟು ಇಪ್ಪತ್ತೈದು ಕಿಲೋಮೀಟರ್ ಆಗಿರಬೇಕು. ದೊಡ್ಡ ತಗ್ಗೊಂದಕ್ಕೆ ಕಾರು ಬಿದ್ದೆದ್ದಾಗ ಕ್ಯಾನ್ ಸೀಟಿನಡಿ ಉರುಳಿತು. ಕಂಬಳಿಯ ಸುತ್ತ ಬಿಳಿ ಹೊಗೆ. ಮುಚ್ಚಳದಿಂದ ಅದು ಮೊದಲಿನಿಂದಲೂ ಸ್ವಲ್ಪ ಬರುತ್ತಲೇ ಇತ್ತು, ಯಾರೂ ಹೆದರಲಿಲ್ಲ. ಕಾಕಾ ಬಗ್ಗಿ ಅದನ್ನು ಎತ್ತಿ ನಿಲ್ಲಿಸಲು ತಡಕಾಡಿದರು. ಬಗ್ಗಿದವರು ಏಳಲಿಲ್ಲ. ಬೆರಳಿಗೆ ಸಿಕ್ಕಿಲ್ಲವೇನೋ ಎಂದುಕೊಂಡೆ.

ಇದನ್ನೇ ನಾನು ದಿನಾ ಮತ್ತೆ ಮತ್ತೆ ನೋಡುತ್ತೇನೆ. ಕಾಕಾನ ಬೆನ್ನು ಕಣ್ಣೆದುರೇ ಇದೆ. ನನಗೆ ಏನೂ ಅನ್ನಿಸುತ್ತಿಲ್ಲ. ತಲೆ ಹಗುರಾಗಿದೆ, ನಗು ಬರುವ ಹಾಗಿದೆ. ಎರಡು ಟ್ರೇಲರಿನ ಟ್ರ್ಯಾಕ್ಟರ್ ಹತ್ತಿರವಾಗುತ್ತಿದೆ, ಅದರ ಸ್ಪೀಕರ್ ಡಬ್ಬಿಯ ಹಾಡು ಗಾಜಿನ ಆಚೆ ಗುಂಯ್‌ಗುಡುತ್ತಿದೆ, ಕಬ್ಬಿನ ತುದಿಗಳು ಗಾಜಿಗೆ ಬರುತ್ತಿವೆ. ರಮಜಾನನ ಕೈ ಸ್ಟೇರಿಂಗಿನಿಂದ ಜಾರುತ್ತಿದೆ.

ನನ್ನ ಓದು ಆಗ ಕೆಲಸಕ್ಕೆ ಬರಲಿಲ್ಲ. ವಾಂತಿ ಬಂದಂತಾಯಿತು, ಅದಕ್ಕೆ ಗಾಜು ಇಳಿಸಿದೆ. ಧೂಳಿನ ಗಾಳಿ ಮುಖಕ್ಕೆ ಬಡಿಯಿತು. ಆಗ ತಿಳಿಯಿತು: ಕಾರಿನೊಳಗೆ ಸಾರಜನಕವೇ ತುಂಬಿತ್ತು, ಉಸಿರಾಡಲು ಆಮ್ಲಜನಕ ಉಳಿದಿರಲಿಲ್ಲ. "ರಮಜಾನ್!" ಎಂದು ಕಿರುಚಿ ಅವನ ಕೂದಲು ಹಿಡಿದೆಳೆದೆ. ಅವನು ಬ್ರೇಕ್ ತುಳಿದ; ಕಾರು ಹೊರಳಿ ಕಬ್ಬಿನ ಹೊಲದ ಬದುವಿಗೆ ತಾಗಿ ನಿಂತಿತು. ಟ್ರ್ಯಾಕ್ಟರ್ ಹಾಡುತ್ತಲೇ ಹೋಯಿತು.

ಕಾಕಾನನ್ನು ಇಬ್ಬರೂ ಎಳೆದು ಬದುವಿನ ಮೇಲೆ ಮಲಗಿಸಿದೆವು. ತುಟಿ ನೀಲಿ. ರಮಜಾನ್ ಅವರ ಕೆನ್ನೆ ತಟ್ಟುತ್ತ, "ಏ ಕಾಕಾ, ಹೋಳಿಗಿ ಹಾಕತೇನಿ ಅಂದೀರಿ, ಏಳ್ರಿ," ಎಂದು ಅಳತೊಡಗಿದ. ನಾನು ಅವರ ಎದೆಯ ಮೇಲೆ ಕೈಯಿಟ್ಟು ಕೂತೆ. ಎಷ್ಟು ಹೊತ್ತೋ. ಒಂದು ದೊಡ್ಡ ಉಸಿರು ಬಂತು. ಆಮೇಲೆ ಇನ್ನೊಂದು. ಕಣ್ಣು ಬಿಟ್ಟವರು ಕೇಳಿದ್ದು, "ಕ್ಯಾನ್ ನೆಟ್ಟಗೈತಿಲ್ಲೋ?"

ಫೋನಿನಲ್ಲಿ ಡಾಕ್ಟರು ನನ್ನನ್ನು ಬೈಯಲೂ ಇಲ್ಲ. ಮೊದಲು ಕಾಕಾನ ಮಾತು, ಉಗುರಿನ ಬಣ್ಣ ಕೇಳಿದರು. ಆಮೇಲೆ, "ಕ್ಯಾನಿನ ಅಳತಿಕೋಲು ಇಳಿಸಿ ತೆಗೀರಿ. ಮಂಜು ಎಲ್ಲಿಮಟ ಹತ್ತೈತಿ?"

"ಎರಡು ಬೆರಳಷ್ಟು ರೀ."

ಕ್ಯಾನಿನಲ್ಲಿ ದ್ರವ ಅಷ್ಟೇ ಉಳಿದಿತ್ತು. "ನಾಲ್ಕೂ ಕಿಡಕಿ ತೆಗೆದು ಬರ್ರಿ. ದವಾಖಾನಿ ಬೀಳಗ್ಯಾಗೇ ಐತಿ, ಮೊದಲು ಅಲ್ಲಿ."

ದವಾಖಾನೆಯಲ್ಲಿ ಕಾಕಾ ಅರ್ಧ ತಾಸು ಆಮ್ಲಜನಕದ ಮುಸುಕು ಹಾಕಿಕೊಂಡು ಮಲಗಿದರು. ಗೋಡೆಯ ಗಡಿಯಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಡಾಕ್ಟರು ನಳಿಗೆಗಳನ್ನು ಬೀಳಗಿಯ ಪಶು ಆಸ್ಪತ್ರೆಯಿಂದ ತಂದ ಬೇರೆ ಕ್ಯಾನಿಗೆ ದಾಟಿಸಿಕೊಂಡು ಮುಂದೆ ಹೋದರು.

ಹನ್ನೆರಡೂವರೆಗೆ ಕಸ್ತೂರಿಯ ಮನೆಯ ಕೊಟ್ಟಿಗೆ. ಡಾಕ್ಟರು ಒಂದು ನಳಿಗೆ ತೆಗೆದು ಬೆಚ್ಚನೆಯ ನೀರಿಗೆ ಇಳಿಸಿದರು. ಕೈಗವಸು ಹಾಕಿ, ಆಕಳ ಬಾಲ ಸರಿಸಿ, ಉದ್ದನೆಯ ಕಡ್ಡಿಯಂಥ ಗನ್ನಿನಿಂದ ಭ್ರೂಣವನ್ನು ಗರ್ಭಕೋಶದ ಒಳಗೆ ಬಿಟ್ಟರು. ಐದು ನಿಮಿಷದ ಕೆಲಸ.

"ಜೀವ ಐತೇನ್ರಿ?" ಕಾಕಾ ಕೇಳಿದರು.

"ನಾ ಹೇಳಾಕ ಬರೂದಿಲ್ಲ. ಹದಿನಾಲ್ಕು ದಿನದಾಗ ಮತ್ತ ಬೆದಿಗೆ ಬಂದ್ರ ಹೋತು. ಬರಲಿಲ್ಲಂದ್ರ ಗರ್ಭ ನಿಂತಿರಬೇಕು. ಇನ್ನೊಂದು ನನ್ನ ಹತ್ರ ಇರ್ಲಿ."

ಕಾಕಾ ತಲೆಯಾಡಿಸಿದರು. ತಪ್ಪು ನನ್ನದು ಎಂದರು. ನನ್ನದೂ ಎಂದು ನಾನು ಹೇಳಿದೆ. ಕಸ್ತೂರಿ ಇಬ್ಬರನ್ನೂ ಬೈದು ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು.

ಹೊರಡುವಾಗ ಕಾಕಾ ಕಾರು ಹತ್ತಲಿಲ್ಲ. ಮಗಳ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಎಂದೂ ನಿಂತವರಲ್ಲ ಅವರು. "ಬೆದಿಗೆ ಬರ್ತೈತೋ ಇಲ್ಲೋ, ನೋಡೇ ಬರ್ತೇನಿ," ಎಂದರು.

"ಯಪ್ಪಾ, ಅದು ಹದಿನಾಲ್ಕು ದಿನದ ಮಾತು," ಎಂದು ಕಸ್ತೂರಿ ನಕ್ಕಳು.

"ಇವತ್ತಿಗೆ ಒಂದಾತಿಲ್ಲೋ."

ಕಾರು ತಿರುಗಿದಾಗ ಹಿಂದೆ ನೋಡಿದೆ. ಅವರು ಆಗಲೇ ಆಕಳ ಪಕ್ಕ ಚೀಲ ಹಾಸಿಕೊಂಡು ಕೂತಿದ್ದರು.