ಎದುರು ತಂಡದವರ ಕನ್ನಡ

ಬಿಸಿಲು ಸುಡುತ್ತಿತ್ತು. ಇದ್ದಕ್ಕಿದ್ದಂತೆ ಮೈದಾನದಲ್ಲಿ ಸೈರನ್ ಕೂಗಿತು. ಅಭ್ಯಾಸ ಮಾಡುತ್ತಿದ್ದ ಹುಡುಗಿಯರೆಲ್ಲ ಬ್ಯಾಟು ಬಾಲು ಬಿಟ್ಟು ಓಡಿದರು. ನಾನೊಬ್ಬಳೇ ಪ್ಯಾಡ್ ಕಟ್ಟಿಕೊಂಡು ನಿಂತೆ. ಹೊಸಬಳನ್ನು ಮಂಗ ಮಾಡುತ್ತಿದ್ದಾರೆ, ನಾನ್ಯಾಕೆ ಓಡಲಿ? ಸ್ವಲ್ಪ ಹೊತ್ತಿಗೆಲ್ಲ ತಲೆಯ ಮೇಲೇ ಸಿಡಿಲು ಆರ್ಭಟಿಸಿತು. ಮಿಂಚು ಹತ್ತಿರ ಬರುವ ಮೊದಲೇ ಎಚ್ಚರಿಸುವ ಸೈರನ್ ಅದು ಎಂದು ಆಮೇಲೆ ಗೊತ್ತಾಯಿತು. ಮಲೇಷ್ಯಾದಲ್ಲಿ ನನ್ನ ಕ್ರಿಕೆಟ್ ಶುರುವಾದದ್ದು ಹೀಗೆ, ಅನುಮಾನದಿಂದ.

ದಾವಣಗೆರೆಯಲ್ಲಿದ್ದಾಗ ಎಲ್ಲರನ್ನೂ ನಂಬುತ್ತಿದ್ದೆ ಎಂದರೆ ಸುಳ್ಳಾದೀತು. ರಾಜ್ಯ ತಂಡದ ಆಯ್ಕೆಗೆ ಹೋದಾಗಲೆಲ್ಲ ಬರಿಗೈಯಲ್ಲಿ ವಾಪಸ್ ಬಸ್ಸು ಹತ್ತಿದವಳು ನಾನು. ಗಂಡ ಮಂಜುವಿಗೆ ಪೆಟಾಲಿಂಗ್ ಜಯಾದಲ್ಲಿ ಕೆಲಸ ಸಿಕ್ಕ ಮೇಲೆ ಇಬ್ಬರೂ ಇಲ್ಲಿಗೆ ಬಂದು ಪುಚೊಂಗ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಊರಲ್ಲಿ ತಂಡದ ಒಂದೊಂದು ಸ್ಥಾನಕ್ಕೂ ನೂಕುನುಗ್ಗಲು. ಇಲ್ಲಿ ಆಫೀಸಿಗೆ ರಜೆ ಹಾಕಿ ಬರುವವರನ್ನು ಸೇರಿಸಿ ತಂಡ ಕಟ್ಟಬೇಕು. ನಿಯಮದ ಪ್ರಕಾರ ಇಲ್ಲಿ ಇರಬೇಕಾದಷ್ಟು ವರ್ಷ ಇದ್ದು, ಮಲೇಷ್ಯಾದ ಜೆರ್ಸಿ ತೊಟ್ಟೆ. "ನನ್ನ ಮಗಳು ದೇಶಕ್ಕೆ ಆಡ್ತಾಳೆ" ಎಂದು ಅಮ್ಮ ಬೀದಿಗೆಲ್ಲ ಸಾರಿದಳು. ಯಾವ ದೇಶ ಎಂದು ಕೇಳಿದವರಿಗೆ ಕಾಫಿ ಕೊಟ್ಟು ಮಾತು ಮರೆಸಿದಳು.

ಅಭ್ಯಾಸ ಮುಗಿದರೆ ಎಲ್ಲರೂ ಮಾಮಾಕ್‌ಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ ಹೋಗುತ್ತೇವೆ. ಊರಿನಲ್ಲಿ ಮಿರ್ಚಿ ಮಂಡಕ್ಕಿಯನ್ನು ಕಣ್ಣುಮುಚ್ಚಿ ತಿನ್ನಬಹುದಿತ್ತು. ಇಲ್ಲಿ ಸಾಯುರ್ ಎಂದರೆ ತರಕಾರಿ, ಆದರೆ ಆ ತರಕಾರಿಯನ್ನೂ ನಂಬುವ ಹಾಗಿಲ್ಲ, ಒಳಗೆ ಒಣಸೀಗಡಿ ಅಡಗಿ ಕೂತಿರುತ್ತದೆ. ನಾನು ಅನ್ನ ಕೆದಕುತ್ತ ಕೂತರೆ ಹುಡುಗಿಯರು ಮಲಯ್ ಭಾಷೆಯಲ್ಲಿ ಏನೋ ಹೇಳಿ ನಗುತ್ತಾರೆ. ನಾನು ತಲೆಯೆತ್ತಿದರೆ ಸಾಕು, ಇಂಗ್ಲಿಷಿಗೆ ಬಂದುಬಿಡುತ್ತಾರೆ. ಅದು ಮರ್ಯಾದೆಯೋ, ಮುಚ್ಚುಮರೆಯೋ? ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕಳೆದ ತಿಂಗಳು ಬೆಂಗಳೂರಿನ ಒಂದು ಕ್ಲಬ್ಬಿನ ಹುಡುಗಿಯರು ಅಭ್ಯಾಸ ಪಂದ್ಯಕ್ಕೆ ಬಂದರು. ಅದು ಮುಗಿದ ಕೂಡಲೇ ಮುಂದಿನ ಅರ್ಹತಾ ಟೂರ್ನಿಗೆ ತಂಡ ಪ್ರಕಟವಾಗುವುದಿತ್ತು. ಉಳಿದಿದ್ದ ಕೊನೆಯ ಸ್ಥಾನಕ್ಕೆ ನಾನು, ಇಲ್ಲದಿದ್ದರೆ ಇಲ್ಲೇ ಹುಟ್ಟಿ ಬೆಳೆದ ಇನ್ನೊಬ್ಬಳು. ಬೆಳಿಗ್ಗೆ ಕ್ಯಾಪ್ಟನ್ ಫರೀದಾ ನನ್ನನ್ನು ಪಕ್ಕಕ್ಕೆ ಕರೆದಳು. ನಾವೆಲ್ಲ ಅವಳನ್ನು ಕಾಕ್ ಎನ್ನುತ್ತೇವೆ, ಅಕ್ಕ ಎಂದು ಅರ್ಥ.

"ಅವರ ಮಾತು ನಿನಗೆ ಬರುತ್ತಲ್ಲ? ಬರುತ್ತೆ ಅಂತ ತೋರಿಸ್ಕೋಬೇಡ. ಸುಮ್ಮನೆ ಕೇಳಿಸ್ಕೋ."

"ಸರಿ ಕಾಕ್" ಅಂದೆ. ಒಳಗೊಳಗೆ ಉರಿಯಿತು. ಇದು ಆಟದ ಉಪಾಯವೋ, ನನ್ನ ನಿಯತ್ತಿನ ಪರೀಕ್ಷೆಯೋ?

ಕೊನೆಯ ಓವರ್‌ಗೆ ಬರುವಷ್ಟರಲ್ಲಿ ಗೆಲ್ಲಲು ಆರು ರನ್ ಬೇಕಿತ್ತು. ಕ್ರೀಸಿನಲ್ಲಿ ನಾನು, ಆ ಕಡೆ ತುದಿಯಲ್ಲಿ ಫರೀದಾ. ನನ್ನ ಹಿಂದಿದ್ದ ಕೀಪರ್ ಚಿಕ್ಕ ಹುಡುಗಿ, ಬಾಯಿಗೆ ಬಿಡುವೇ ಇಲ್ಲ.

"ಮುಂದೆ ನುಗ್ತಾರೆ ಕಣೇ ಇವ್ರು. ನಿಧಾನಕ್ಕೆ ಆಚೆ ಹಾಕು, ಸ್ಟಂಪ್ ಮಾಡ್ತೀನಿ!"

ಅಯ್ಯೋ, ಎಷ್ಟು ದಿನವಾಗಿತ್ತು ಮೈದಾನದಲ್ಲಿ ಆ ದನಿ ಕೇಳಿ! ನಾನು ನುಗ್ಗಲಿಲ್ಲ. ಕ್ರೀಸಿನಲ್ಲೇ ನಿಂತು, ಚೆಂಡು ಬರುವ ತನಕ ಕಾದು ಕಟ್ ಮಾಡಿದೆ. ನಾಲ್ಕು ರನ್ ಬಂತು. ಹಿಂದೆ ಗಲಗಲ ನಿಂತುಹೋಯಿತು. ಹುಡುಗಿ ಹತ್ತಿರ ಬಂದು ನನ್ನ ಮುಖವನ್ನೇ ನೋಡಿದಳು.

"ಅಕ್ಕಾ, ನಿಮಗೆ ಕನ್ನಡ ಬರುತ್ತಾ?"

ಹೂಂ ಕಣವ್ವಾ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆ ಕಡೆಯಿಂದ ಫರೀದಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಸಾರಿ? ವಾಟ್?" ಅಂದೆ.

ಹುಡುಗಿಯ ಮುಖ ಸಪ್ಪಗಾಯಿತು. ಬೌಲರ್ ಕಡೆ ತಿರುಗಿ ಕೂಗಿದಳು. "ಇಲ್ಲ ಕಣೇ, ಬರಲ್ಲ ಇವ್ರಿಗೆ. ನೋಡೋಕೆ ಮಾತ್ರ ನಮ್ಮೋರ ಥರಾನೇ ಇದಾರೆ. ಈಗ ಕಾಲಿಗೆ ಹಾಕು!"

ಕಾಲಿಗೇ ಬಂತು. ಮಂಡಿಯೂರಿ ಸ್ವೀಪ್ ಮಾಡಿದೆ, ಗೆದ್ದೆವು. ಫರೀದಾ ಓಡಿಬಂದು ತಬ್ಬಿಕೊಂಡಳು.

"ಏನು ಕೇಳಿದಳು ಅವಳು?"

"ಕನ್ನಡ ಬರುತ್ತಾ ಅಂತ."

"ನೀನೇನಂದೆ?"

"ಬರಲ್ಲ ಅನ್ನೋ ಥರ ಮಾಡಿದೆ."

"ಬಾಗುಸ್!" ಎಂದು ಬೆನ್ನು ತಟ್ಟಿದಳು. ಭೇಷ್ ಎಂದು ಅರ್ಥ. ಮೂರು ವರ್ಷದಿಂದ ಅವಳ ಬಾಯಲ್ಲಿ ಆ ಮಾತು ಕೇಳಬೇಕೆಂದು ಕಾದಿದ್ದೆ. ಕೇಳಿದಾಗ ತಲೆ ತಗ್ಗಿಸಿ ಗ್ಲೌಸ್ ಬಿಚ್ಚತೊಡಗಿದೆ.

ಕೈಕುಲುಕುವಾಗ ಆ ಹುಡುಗಿ ನನಗೆ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದಳು, "ನೀವು ನಮ್ಮ ದೊಡ್ಡಮ್ಮನ ಮಗಳ ಥರ ಇದೀರ." ಆಗಲಾದರೂ ಬಾಯಿ ಬಿಡಬಹುದಿತ್ತು, ಪಂದ್ಯ ಮುಗಿದಿತ್ತು. ಆದರೆ ತಂಡ ಇನ್ನೂ ಪ್ರಕಟವಾಗಿರಲಿಲ್ಲ, ಫರೀದಾ ನನ್ನ ಹಿಂದೆಯೇ ಇದ್ದಳು. ತೆರಿಮಾ ಕಾಸಿಹ್, ಅಂದರೆ ಮಲಯ್‌ನಲ್ಲಿ ಧನ್ಯವಾದ, ಎಂದು ಹೇಳಿ ಮುಂದಿನವಳಿಗೆ ಕೈ ಚಾಚಿದೆ.

ತಂಡದ ಪಟ್ಟಿ ಓದಿದರು. ನನ್ನ ಹೆಸರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ಸ್ಥಾನ ತಪ್ಪಿದವಳೂ ತಟ್ಟಿದಳು. ಇವರಲ್ಲಿ ಯಾರ ಚಪ್ಪಾಳೆ ನಿಜ ಎಂದು ಮೊದಲಿನ ಹಾಗೆ ಹುಡುಕುವ ಮನಸ್ಸಾಗಲಿಲ್ಲ. ಈಗ ನನಗೆ ನನ್ನ ಮೇಲೇ ಅನುಮಾನ.

ಅಷ್ಟರಲ್ಲಿ ಮಂಜು ಫೋನ್ ಮಾಡಿದ. ಅವನಿಗೆ ಖುಷಿಯೋ ಖುಷಿ.

"ಗೆದ್ರಂತೆ! ಆ ಹುಡುಗೀರನ್ನ ಊಟಕ್ಕೆ ಕರ್ಕೊಂಡು ಬಾರೇ. ನಮ್ಮೂರ ಕಡೆಯೋರು ಮನೆಗೆ ಬಂದು ಎಷ್ಟು ದಿನ ಆಯ್ತು! ಸಾರಿಗೆ ಬೇಳೆ ಇಟ್ಟಿದೀನಿ. ಎಷ್ಟು ಜನಕ್ಕೆ ಅಕ್ಕಿ ಹಾಕ್ಲಿ?"

ಪಾರ್ಕಿಂಗ್‌ನಲ್ಲಿ ಅವರ ಬಸ್ಸು ಇನ್ನೂ ಹೊರಟಿರಲಿಲ್ಲ.

"ಇಬ್ಬರಿಗೆ ಸಾಕು" ಅಂದೆ.