ಕ್ಯಾಸೆಟ್ ಒಡೆಯಲು ಕೂತವರು

ನಿಪ್ಪಾಣಿಯ ನಮ್ಮ ಓಣಿಯ ಗುಡಿಕಟ್ಟೆಯ ಮೇಲೆ ರ‍್ಯಾಪ್ ಹಾಡಿನ ಕ್ಯಾಸೆಟ್ ಇಟ್ಟು, ಒಡೆಯಲು ನಾನೇ ಕಲ್ಲೆತ್ತಿದ್ದೆ. ತೊಂಬತ್ತರ ದಶಕ. ಅದನ್ನು ಹಚ್ಚಿ ಬ್ರೇಕ್ ಡಾನ್ಸ್ ಮಾಡುತ್ತಿದ್ದ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ಯಾರದೋ ಮೂಗು ಒಡೆದಿದ್ದ. ಹಾಡೇ ಅವನನ್ನು ಗೂಂಡಾ ಮಾಡಿತೆಂದು ನಮ್ಮ ಭಜನಾ ಮಂಡಳಿ ತೀರ್ಮಾನಿಸಿತ್ತು. ಕ್ಯಾಸೆಟ್ ಒಡೆದು ಅವನನ್ನು ಪೊಲೀಸರಿಗೆ ಒಪ್ಪಿಸುವುದಷ್ಟೇ ಬಾಕಿ ಇತ್ತು.

ಅಷ್ಟರಲ್ಲಿ ತಾನು ಕೂಲಿ ಮಾಡುತ್ತಿದ್ದ ತಂಬಾಕಿನ ವಖಾರಿಯಿಂದ ಅವನ ತಾಯಿ ಓಡಿಬಂದಳು. ಅವಳ ಸೆರಗಿನ ಧೂಳಿಗೆ ನಾವೆಲ್ಲ ಸೀನಿದೆವು.

“ಮೂಗ ಒಡದದ್ದು ತಪ್ಪ ಐತ್ರಿ. ಸ್ಟೇಷನ್ನಿಗೆ ನಾನ ಕರಕೊಂಡ ಹೋಗ್ತೀನಿ,” ಎಂದಳು. “ಆದ್ರ ಇವನಪ್ಪ ನನ್ನ ಕೈ ಮುರದ ದಿನ ನಿಮ್ಮ ಸಂಗಟ ಭಜನಿ ಮುಗಿಸಿನ ಬಂದಿದ್ದ. ಅವತ್ತ ಯಾರರೆ ತಾಳ ಒಡದ್ರೇನ್ರಿ, ಕಾಕಾ?”

ನಾಚಿ ತಲೆ ತಗ್ಗಿಸಿದೆ ಎಂದು ಬರೆಯಲು ನೆನಪು ಒತ್ತಾಯಿಸುತ್ತದೆ. ಆದರೆ ನಿಜವಾಗಿ ನನ್ನ ಬಾಯಿಂದ ಬಂದದ್ದು, “ಆ ಮಾತ ಈಗ್ಯಾಕ ಬೇ?” ಎಂದು.

ಮಂಡಳಿಯಲ್ಲಿ ತಾಳ ಹಾಕುತ್ತಿದ್ದವನೇ ಅವಳ ಗಂಡ. ನನ್ನ ಪಕ್ಕದಲ್ಲೇ ಕುಳಿತಿದ್ದ. ನಾವು ಯಾರೂ ಅವನತ್ತ ತಿರುಗಿ ನೋಡಲಿಲ್ಲ. ಆ ಸಂಜೆಯ ಭಜನೆಗೂ ಅವನು ತಾಳ ಹಾಕಿದ, ನಾನು ಹಾಡಿದೆ.