ಗಿರಿಜಕ್ಕನ ಜಗಲಿಯ ಹಕ್ಕಿಗಳು

ಗಿರಿಜಕ್ಕ ತಲೆಯೆತ್ತಿ ಹಕ್ಕಿ ನೋಡಿದ್ದನ್ನು ನಾನು ಕಂಡೇ ಇಲ್ಲ. ಮಡಿಲಲ್ಲಿ ಮೊರ, ಬೆರಳಲ್ಲಿ ಬೀಡಿ ಎಲೆ, ಬಗ್ಗಿದ ಕತ್ತು. ಆದರೂ ನಮ್ಮೂರು ವಾಮದಪದವಿನ ಹಕ್ಕಿಗಳೆಲ್ಲ ಅವರ ಜಗಲಿಯ ಸುತ್ತಲೇ.

ಪಕ್ಕದ ಮನೆಯವಳು ನಾನು. ಬೆಳಿಗ್ಗೆ ಆರಕ್ಕೇ ಹಿತ್ತಿಲಲ್ಲಿ ನೀರು, ಬಾಳೆಹಣ್ಣಿನ ತುಂಡು ಇಟ್ಟು, ಬಂದ ಹಕ್ಕಿಯ ಹೆಸರನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಹೆಚ್ಚಾಗಿ ಬರೆದದ್ದು ಕಾಗೆ. ನನಗಿದ್ದ ಆಸೆ ಒಂದೇ: ನನ್ನ ಹಿತ್ತಿಲಲ್ಲಿ ಯಾವುದಾದರೂ ಹಕ್ಕಿ ಗೂಡು ಕಟ್ಟಬೇಕು.

"ಹೆಣ್ಣು ನೋಡಲಿಕ್ಕೆ ಬಂದವರ ಹಾಗೆ ಕಣ್ಣು ಬಿಟ್ಟು ಕೂತರೆ ಅವು ಬರುವುದುಂಟಾ ಮಾರಾಯ್ತಿ!" ಎಂದು ಗಿರಿಜಕ್ಕ ನಗುತ್ತಿದ್ದರು.

ಅವರಿಗೆ ಕಿವಿಯೇ ಸಾಕು. ಮಾರ್ಚಿನಲ್ಲಿ ಮಡಿವಾಳ ಹಕ್ಕಿ ಮನೆಯ ಮಾಡಿನ ಮೇಲೆ ಕೂತು ಶಿಳ್ಳೆ ಹಾಕಿದರೆ, "ಇವನಿಗೆ ಇನ್ನೂ ಹೆಂಡತಿ ಸಿಕ್ಕಿಲ್ಲ" ಎನ್ನುವರು. ಆಟಿ ತಿಂಗಳ ಜಡಿಮಳೆಗೆ ಅದು ಸುಮ್ಮನಾದರೆ, "ಸಂಸಾರ ಶುರುವಾಯ್ತು, ಬಾಯಿ ಬಂದ್!" ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಬಣ್ಣಬಣ್ಣದ ನವರಂಗ ಅವರ ಮೆಟ್ಟಿಲ ಬುಡದಲ್ಲೇ ತರಗೆಲೆ ಕೆದಕುತ್ತಿತ್ತು. ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ.

ಕಳೆದ ಜೂನಿನಲ್ಲಿ ಕೊನೆಗೂ ನನ್ನ ಬದನೆಗಿಡದ ಎಲೆ ಹೊಲಿದು ಟುವ್ವಿ ಹಕ್ಕಿ ಗೂಡು ಕಟ್ಟಿತು. ಗಿರಿಜಕ್ಕನನ್ನು ಕೈಹಿಡಿದು ಎಳೆದುಕೊಂಡೇ ಬಂದೆ. ಅವರು ಬಗ್ಗಿ ನೋಡಿದರು.

"ಅಯ್ಯೋ, ಇದು ನನ್ನ ನೂಲಲ್ವಾ!"

ಹೌದು. ಎಲೆಯಂಚಿನುದ್ದಕ್ಕೂ ಬೀಡಿಗೆ ಸುತ್ತುವ ಗುಲಾಬಿ ನೂಲು.

"ನನ್ನ ಜಗಲಿಯಿಂದ ಹೆಕ್ಕಿ ತಂದಿದೆ, ಕಳ್ಳಿ!" ಅವರಿಗೋ ಹಿಡಿಸಲಾರದ ಖುಷಿ.

ಅವರು ಹೋದ ಮೇಲೂ ಆ ಗುಲಾಬಿ ನೂಲು ನನ್ನ ಕಣ್ಣು ಚುಚ್ಚುತ್ತಿತ್ತು. ಒಂದು ಎಳೆ ತೆಗೆದರೆ ಏನಾಗುತ್ತದೆ ಎಂದು ಎಳೆದೆ. ಹೊಲಿಗೆಯೆಲ್ಲ ಬಿಚ್ಚಿ ಎಲೆ ಬಾಯಿಬಿಟ್ಟಿತು. ಮೊಟ್ಟೆ ಇಟ್ಟಿರಲಿಲ್ಲ, ಅಷ್ಟೇ ಪುಣ್ಯ. ಹಕ್ಕಿ ಮತ್ತೆ ಬರಲಿಲ್ಲ.

ವಾರ ಕಳೆದು ಗಿರಿಜಕ್ಕ ಬೇಲಿಯಾಚೆಯಿಂದ ಕೇಳಿದರು, "ಮರಿ ಆಯ್ತಾ?"

"ಬೆಕ್ಕು ಕೆಡವಿತು."

"ನನ್ನದೇ ಇರಬೇಕು, ಶನಿ!" ಎಂದವರು ಅಂದಿನಿಂದ ತಮ್ಮ ಬೆಕ್ಕನ್ನು ಹಗಲಿಡೀ ಕೋಣೆಯಲ್ಲಿ ಕೂಡಿಹಾಕಿದರು. ಅದರ ಕೂಗು ನನ್ನ ಅಡುಗೆಮನೆಗೆ ಕೇಳುತ್ತಿತ್ತು.

ಮೂವತ್ತು ವರ್ಷ ಹೊಗೆಸೊಪ್ಪಿನ ಹುಡಿ ಕುಡಿದ ಎದೆ ನವೆಂಬರಿನಲ್ಲಿ ಸೋತಿತು. ವಿಟ್ಲದ ಮಗಳು ಅವರನ್ನು ತನ್ನ ಮನೆಗೆ ಕರೆದೊಯ್ದಳು. ಬೆಕ್ಕಲ್ಲ, ನಾನೇ ಎಂದು ಹೇಳಿಬಿಡಲು ಬಸ್ಸು ಹತ್ತಿದೆ.

ಕಿಟಕಿಯ ಬಳಿ ಅವರ ಮಂಚ. ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟ ಸೂರಕ್ಕಿಯೊಂದು ಬಂದು ಸರಳಿನ ಮೇಲೆ ಕೂತಿತು, ಅವರ ತಲೆದಿಂಬಿಗೆ ಒಂದೇ ಗೇಣು ದೂರದಲ್ಲಿ.

"ಬಂದು ಎಂಟು ದಿನ ಆಗಿಲ್ಲ, ಇವನ ಪರಿಚಯ ಆಯ್ತು ನೋಡು," ಎಂದರು ಏದುಸಿರಲ್ಲಿ.

ಚಾ ಕುಡಿದು, ಹೇಳಬೇಕಾದ್ದನ್ನು ಹೇಳದೆಯೇ ಎದ್ದು ಬಂದೆ. ಹನ್ನೆರಡು ದಿನಕ್ಕೆ ಗಿರಿಜಕ್ಕ ತೀರಿಕೊಂಡರು.

ಅವರನ್ನು ನೋಡಿ ಮರಳಿದ ದಿನ ಮನೆ ತಲುಪುವವರೆಗೂ ಬಸ್ಸಿನಲ್ಲಿ ನಾನು ಯೋಚಿಸುತ್ತಿದ್ದುದು ಅವರ ಏದುಸಿರಿನ ಬಗ್ಗೆಯಲ್ಲ, ಆ ಸೂರಕ್ಕಿಯ ಬಗ್ಗೆ.